ಅಜ್ಜಿಯ ಮಡಿಲಿಗೆ ರೋಬೋ ಸೀಲ್ ಮರಿ ಕೊಟ್ಟರೆ ಮೋಸವೇ?

ಪ್ರಶ್ನೆ (ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿನಿ): ಮೇಡಂ, ನಮಸ್ತೆ. ಎಥಿಕ್ಸ್ ಕ್ಲಾಸಲ್ಲಿ ಜಪಾನಿನ ಪಾರೋ ಬಗ್ಗೆ ಚರ್ಚೆ ಆಯ್ತು. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರೋರ ಮಡಿಲಲ್ಲಿ ಇಡುವ, ಸೀಲ್ ಅನ್ನೋ ಕಡಲ ಪ್ರಾಣಿಯ ಮರಿಯ ಆಕಾರದ ರೋಬೋ. ಪೇಷಂಟನ್ನು ಎತ್ತುವ ರೋಬೋ ಬಂದರೆ ನಮ್ಮ ಬ್ಯಾಚಿಗೆಲ್ಲ ಖುಷಿ, ಸೊಂಟ ಉಳಿಯುತ್ತೆ. ಪಾರೋ ಅಂದ ತಕ್ಷಣ ಮಾತ್ರ "ಇದು ಮೋಸ" ಅಂತಾರೆ. ನನಗೂ ಹಾಗೇ ಅನಿಸ್ತು, ಯಾಕೆ ಅಂತ ಹೇಳೋಕೆ ಬರಲಿಲ್ಲ.

ಉತ್ತರ (ವೃದ್ಧರ ವಾರ್ಡಿನ ನರ್ಸ್, ಈಗ ಟ್ಯೂಟರ್): ಎತ್ತುವ ರೋಬೋವನ್ನು ನೀವು ಇಷ್ಟು ಸುಲಭವಾಗಿ ಪಾಸ್ ಮಾಡಿದ್ದಕ್ಕೇ ನನ್ನ ತಕರಾರಮ್ಮ. ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆ 2015ರಲ್ಲಿ ತೋರಿಸಿದ, ಪೇಷಂಟನ್ನು ಎತ್ತುವ ಕರಡಿ ಮುಖದ ರೋಬೋ ‘ರೋಬೇರ್’ 140 ಕೆ.ಜಿ. ಇತ್ತು. ಅಂಥದ್ದರ ತೋಳಲ್ಲಿ ಇರೋರಿಗೆ ಭಯ ಆಗುತ್ತೆ, ಗೌನ್ ಸರಿಯುತ್ತೆ. "ಇದರಲ್ಲಿ ಎತ್ತಿಸಲಾ?" ಅಂತ ಅವರನ್ನು ಕೇಳಬೇಕಲ್ವಾ? ಸೊಂಟ ನಿಮ್ಮದು, ಮಾನ ಅವರದು.

ಈಗ ಪಾರೋ. ಜಪಾನಿನ ಸಂಶೋಧಕ ತಕನೋರಿ ಶಿಬಾತಾ ರೂಪಿಸಿದ್ದು, ತೂಕ ಸುಮಾರು 2.7 ಕೆ.ಜಿ., ಅಂದರೆ ಹುಟ್ಟಿದ ಮಗುವಿನಷ್ಟು. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಎಫ್‌ಡಿಎ 2009ರಲ್ಲಿ ಇದನ್ನು ‘ಕ್ಲಾಸ್ 2’, ಅಂದರೆ ಮಧ್ಯಮ ಅಪಾಯದ ವರ್ಗದ ವೈದ್ಯಕೀಯ ಸಾಧನ ಅಂತ ವರ್ಗೀಕರಿಸಿತು. ನಾಯಿ, ಬೆಕ್ಕು ಬಿಟ್ಟು ಸೀಲೇ ಯಾಕೆ ಗೊತ್ತಾ? ನಾಯಿ ಸಾಕಿದವರಿಗೆ ನಕಲಿ ತಕ್ಷಣ ಗೊತ್ತಾಗುತ್ತೆ, ಸೀಲ್ ಸಾಕಿದವರು ಯಾರಿದ್ದಾರೆ? ಚಾರ್ಜರ್ ಕೂಡ ಮಗುವಿನ ಬಾಯಿಗಿಡುವ ನಿಪ್ಪಲ್ ಆಕಾರದ್ದು. ನಂಬುವಂತೆ ಮಾಡಿದ ವಸ್ತು ಅನ್ನೋದು ಸ್ಪಷ್ಟ, ನಿಮ್ಮ ಮುಜುಗರ ಹುಟ್ಟಿದ್ದು ಅಲ್ಲೇ.

ಆದರೂ ಅಜ್ಜಿ ಅದನ್ನು ತಟ್ಟಿ ಲಾಲಿ ಹಾಡಿದರೆ ಅದನ್ನು ಮೋಸ ಅನ್ನಲಾರೆ. "ಇದಕ್ಕೆ ಜೀವ ಇದೆಯೇನೇ?" ಅಂತ ಅವರು ಕೇಳಿ, ನೀವು "ಹ್ಞೂಂ ಅಜ್ಜಿ" ಅಂದರೆ, ಆ ಸುಳ್ಳು ನಿಮ್ಮದು. "ಬ್ಯಾಟರಿ ಗೊಂಬೆ ಅಜ್ಜಿ, ಮುಟ್ಟಿದರೆ ಕೂಗುತ್ತೆ" ಅನ್ನಿ. ಮರೆತು ಮತ್ತೆ ಕೇಳಿದರೆ, ಪ್ರತಿ ಸಲ ತಿದ್ದಿ ಅಳಿಸೋದು ಬೇಡ, "ಇಷ್ಟ ಆಯ್ತಾ?" ಅಂತ ಮಾತು ಬೆಳೆಸಿ. ದೂರ ತಳ್ಳಿದರೆ ತೆಗೆದುಬಿಡಿ, ಮಗ ಒಪ್ಪಿದ್ದಾನೆ ಅಂತ ಹಟ ಮಾಡಬೇಡಿ. ಒಬ್ಬರಿಂದ ಇನ್ನೊಬ್ಬರಿಗೆ ಕೊಡುವ ಮುಂಚೆ ಒರೆಸಿ ಶುಚಿ ಮಾಡೋದೂ ಎಥಿಕ್ಸೇ.

ಮುಖ್ಯವಾಗಿ, ಕೊಟ್ಟು ಎದ್ದು ಹೋಗಬೇಡಿ. ಪಕ್ಕದಲ್ಲಿ ಕೂತರೆ ಅದು ಮಾತಿಗೊಂದು ನೆಪ, "ನಿಮ್ಮ ಮನೇಲಿ ಏನು ಸಾಕಿದ್ರಿ ಅಜ್ಜಿ?" ಅಂತ ಶುರು ಮಾಡಬಹುದು. ಎದ್ದು ಹೋದರೆ ಅದು ಅಜ್ಜಿಯ ಬಾಯಿ ಮುಚ್ಚಿಸುವ ಸಾಧನ.

ಇನ್ನೊಬ್ಬ ಟ್ರೈನಿ: ಮೇಡಂ, ರೋಬೋ ಬಂತು ಅಂತ ನೈಟ್ ಡ್ಯೂಟಿಗೆ ಒಬ್ಬರನ್ನ ಕಡಿಮೆ ಮಾಡಿದರೆ?

ಉತ್ತರ: ಇದನ್ನೇ ಮೊದಲು ಕೇಳಬೇಕಿತ್ತು ಕಣಪ್ಪ! ಸೀಲ್ ಮರಿ ಡೈಪರ್ ಬದಲಿಸಲ್ಲ, ನೀರು ಕುಡಿಸಲ್ಲ, ಉಸಿರು ಕಟ್ಟಿದರೆ ಡಾಕ್ಟರನ್ನು ಕರೆಯಲ್ಲ. ಟ್ರೈನಿಗಳು ಒಬ್ಬೊಬ್ಬರೇ ಮೇಲಿನವರ ಹತ್ತಿರ ವಾದಕ್ಕೆ ಹೋಗಬೇಡಿ. ರಾತ್ರಿ ಯಾವ ಕೆಲಸ ಬಿಟ್ಟುಹೋಯ್ತು, ಎಷ್ಟು ಹೊತ್ತು ಯಾರೂ ಇರಲಿಲ್ಲ ಅಂತ ಸಮಯ ಸಮೇತ ರಿಪೋರ್ಟ್ ಪುಸ್ತಕದಲ್ಲಿ ಬರೆದು, ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಸಹಿ ಮಾಡಿಸಿ.