‘ಥೈಸಿಸ್’ ಎಂದರೆ ಕ್ಷಯವೇ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ಡಾಕ್ಟರಿಗೆ ನಮಸ್ಕಾರಗಳು. ನಮ್ಮ ಮನೆತನದ ವಂಶಾವಳಿಯನ್ನು ಬರೆದಿಡುವ ಕೆಲಸದಲ್ಲಿದ್ದೇನೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಮುತ್ತಜ್ಜನವರ ಮರಣಕ್ಕೆ ಸಂಬಂಧಿಸಿದ 1931ರ ಇಂಗ್ಲಿಷ್ ಕಾಗದವೊಂದು ಸಿಕ್ಕಿದ್ದು, ಕಾರಣದ ಎದುರಿಗೆ ಪಿ, ಎಚ್, ಟಿ, ಎಚ್ ಎಂಬ ನಾಲ್ಕು ಅಕ್ಷರಗಳಿಂದ ಆರಂಭವಾಗುವ ಪದವಿದೆ. ಜೊತೆಗಿದ್ದ ಪಂಡಿತರ ಔಷಧಿ ಚೀಟಿಯಲ್ಲಿ ‘ಶೋಷ’ ಎಂದಿದೆ. ಈ ಪದವನ್ನು ಹೇಗೆ ಉಚ್ಚರಿಸಬೇಕು, ಎರಡೂ ಒಂದೇ ಕಾಯಿಲೆಯೇ, ಕನ್ನಡದಲ್ಲಿ ‘ಕ್ಷಯ’ ಎಂದು ಬರೆದರೆ ಸರಿಯಾಗುತ್ತದೆಯೇ ಎಂದು ದಯವಿಟ್ಟು ತಿಳಿಸಬೇಕು.

ಉತ್ತರ (ಶಿವಮೊಗ್ಗದ ವೈದ್ಯರು): ಅದನ್ನು ‘ಥೈಸಿಸ್’ ಎನ್ನುತ್ತಾರೆ, ಮೊದಲಿನ ಎರಡು ಅಕ್ಷರಗಳಿಗೆ ಬಾಯಿಯಲ್ಲಿ ಕೆಲಸವಿಲ್ಲ. ‘ಕ್ಷೀಣಿಸುವುದು, ಸವೆದು ಹೋಗುವುದು’ ಎಂಬ ಅರ್ಥದ ಗ್ರೀಕ್ ಕ್ರಿಯಾಪದದಿಂದ ಹುಟ್ಟಿದ ಈ ಶಬ್ದವನ್ನು ಹಿಪೊಕ್ರೇಟಿಸ್‌ನ ಕಾಲದ ವೈದ್ಯರೇ ಬಳಸುತ್ತಿದ್ದರು. ಗಮನಿಸಬೇಕಾದದ್ದೆಂದರೆ, ಇದು ರೋಗದ ಕಾರಣವನ್ನು ಹೇಳುವ ಹೆಸರಲ್ಲ, ರೋಗಿಯನ್ನು ಕಣ್ಣಾರೆ ಕಂಡವರು ಕೊಟ್ಟ ಹೆಸರು.

ನಮ್ಮ ಶಾಸ್ತ್ರದಲ್ಲಿಯೂ ಹಾಗೆಯೇ ಆಗಿದೆ. ರಸವೇ ಮೊದಲಾದ ಧಾತುಗಳನ್ನು ಒಣಗಿಸುವುದರಿಂದ ಶೋಷ, ದೇಹದ ಕ್ರಿಯೆಗಳನ್ನು ಕುಂದಿಸುವುದರಿಂದ ಕ್ಷಯ, ರಾಜನಾದ ಚಂದ್ರನಿಗೆ ಬಂದದ್ದರಿಂದ ರಾಜಯಕ್ಷ್ಮ ಎಂದು ಸುಶ್ರುತ ಸಂಹಿತೆ ಮೂರು ಹೆಸರುಗಳನ್ನೂ ಬಿಡಿಸಿ ಹೇಳುತ್ತದೆ. ಇಪ್ಪತ್ತೇಳು ಹೆಂಡತಿಯರಲ್ಲಿ ರೋಹಿಣಿಯೊಬ್ಬಳಿಗೇ ಒಲಿದು, ಮಾವನಾದ ದಕ್ಷನ ಶಾಪಕ್ಕೆ ಗುರಿಯಾಗಿ ದಿನದಿನಕ್ಕೂ ಕರಗಿದ ಚಂದ್ರನ ಕಥೆ ತಮಗೆ ಗೊತ್ತೇ ಇರುತ್ತದೆ. ಅಮರಕೋಶವಂತೂ ಕ್ಷಯ, ಶೋಷ, ಯಕ್ಷ್ಮ ಮೂರನ್ನೂ ಒಂದೇ ಸಾಲಿನಲ್ಲಿ ಪರ್ಯಾಯ ಪದಗಳಾಗಿ ಕೊಟ್ಟಿದೆ. ಆದ್ದರಿಂದ ತಮ್ಮ ಊರಿನ ಪಂಡಿತರೂ ಇಂಗ್ಲಿಷ್ ಕಲಿತ ಡಾಕ್ಟರರೂ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಮಾತನ್ನು ಬರೆದಿದ್ದಾರೆ ಎನ್ನಬಹುದು.

ಕ್ಷಯಕ್ಕೆ ‘ಟ್ಯುಬರ್ಕ್ಯುಲೋಸಿಸ್’ (ಟಿಬಿ) ಎಂಬ ಹೆಸರು ಬಂದದ್ದು 1830ರ ದಶಕದಲ್ಲಿ. ರಾಬರ್ಟ್ ಕಾಖ್ ಅದರ ರೋಗಾಣುವನ್ನು ಪ್ರಕಟಪಡಿಸಿದ್ದು 1882ರ ಮಾರ್ಚ್ 24ರಂದು. ಆ ಬಳಿಕವೂ ಹಳೆಯ ಪದ ಕಾಗದಪತ್ರಗಳಲ್ಲಿ ಬಹುಕಾಲ ಉಳಿಯಿತು. 1931ರಲ್ಲಿ ಅದನ್ನು ಬರೆದ ಡಾಕ್ಟರರ ಮನಸ್ಸಿನಲ್ಲಿ ಇದ್ದದ್ದು ಬಹುಮಟ್ಟಿಗೆ ಶ್ವಾಸಕೋಶದ ಕ್ಷಯವೇ. ಆದರೂ ಒಂದು ಮಾತು ಕೇಳುತ್ತೇನೆ: ಮುತ್ತಜ್ಜನವರು ಏನು ಕೆಲಸ ಮಾಡುತ್ತಿದ್ದರು?

ಪ್ರಶ್ನೆ ಕೇಳಿದವರು: ಮನೆಯಲ್ಲಿ ಪಾಲಿನ ವ್ಯಾಜ್ಯವಾಗಿ ಕೋಲಾರದ ಚಿನ್ನದ ಗಣಿಗೆ ಹೋಗಿ, ಎಂಟು ಹತ್ತು ವರ್ಷ ಸುರಂಗದ ಕೆಲಸ ಮಾಡಿ, ಕೆಮ್ಮು ಹತ್ತಿಸಿಕೊಂಡು ಊರಿಗೆ ಮರಳಿದರಂತೆ. ಕೊನೆಯ ದಿನಗಳಲ್ಲಿ ಅವರ ತಟ್ಟೆ, ಲೋಟ, ಚಾಪೆಗಳನ್ನೆಲ್ಲ ಬೇರೆ ಇಟ್ಟಿದ್ದರೆಂದು ಅಜ್ಜಯ್ಯ ಹೇಳುತ್ತಿದ್ದರು.

ಉತ್ತರ: ಹಾಗಿದ್ದರೆ ನಾನು ಮೇಲೆ ಹೇಳಿದ ‘ಬಹುಮಟ್ಟಿಗೆ’ ಎಂಬ ಮಾತನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ. ಚಿನ್ನದ ಅದಿರು ಇರುವುದು ಬೆಣಚುಕಲ್ಲಿನ ಪದರಗಳಲ್ಲಿ. ಅದನ್ನು ಕೊರೆಯುವಾಗ ಏಳುವ ಸಿಲಿಕಾ ಧೂಳು ವರ್ಷಗಟ್ಟಲೆ ಎದೆಗೆ ಹೋದರೆ ಶ್ವಾಸಕೋಶ ಗಡುಸಾಗುವ ಸಿಲಿಕೋಸಿಸ್ ಬರುತ್ತದೆ. ಇದನ್ನು ಆಗ ‘ಗಣಿಗಾರರ ಥೈಸಿಸ್’ ಎಂದೇ ಕರೆಯುತ್ತಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಇದೇ ಹೆಸರಿನ ಕಾಯ್ದೆಯೊಂದು 1912ರಲ್ಲಿ ಬಂದಿತು. ಸಿಲಿಕೋಸಿಸ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಆದರೆ ಅದು ಇದ್ದವರಿಗೆ ಕ್ಷಯ ತಗಲುವ ಸಂಭವ ಹೆಚ್ಚು. ಮುತ್ತಜ್ಜನವರಿಗೆ ಒಂದಿತ್ತೋ ಎರಡೂ ಇದ್ದವೋ ಎಂಬುದನ್ನು ಆ ಒಂದು ಪದ ಬಿಟ್ಟುಕೊಡುವುದಿಲ್ಲ. ಬೇರೆ ಇಟ್ಟ ತಟ್ಟೆಯೂ ಸಾಕ್ಷಿಯಾಗಲಾರದು, ಅದು ಮನೆಯವರ ಭಯವನ್ನಷ್ಟೇ ಹೇಳುತ್ತದೆ. ಕ್ಷಯವೇ ಆಗಿದ್ದರೂ ಅದು ಹರಡುವುದು ಕೆಮ್ಮಿದಾಗ ಗಾಳಿಯ ಮೂಲಕ, ತಟ್ಟೆಯಿಂದಲ್ಲ.

ಮತ್ತೊಬ್ಬ ಸದಸ್ಯರು (ಸಾಗರ): ನಮ್ಮ ಚಿಕ್ಕಮ್ಮನ ಕಣ್ಣಿನ ವರದಿಯಲ್ಲಿ ‘ಥೈಸಿಸ್ ಬಲ್ಬೈ’ ಎಂದಿದೆ. ಇದನ್ನು ಓದಿದ ಮೇಲೆ ನಿದ್ರೆಯೇ ಬರುತ್ತಿಲ್ಲ. ಕಣ್ಣಿಗೂ ಟಿಬಿ ಬಂದಿದೆಯೇ?

ಉತ್ತರ: ಆ ಪದಕ್ಕೆ ಹಾಗೆ ಅರ್ಥವಿಲ್ಲ. ದೊಡ್ಡ ಪೆಟ್ಟು, ತೀವ್ರ ಸೋಂಕು ಅಥವಾ ದೀರ್ಘಕಾಲದ ಉರಿಯೂತದ ನಂತರ ಕಣ್ಣುಗುಡ್ಡೆ ಕುಗ್ಗಿ ನಿರುಪಯುಕ್ತವಾದ ಸ್ಥಿತಿಗೆ ಆ ಹೆಸರು. ಎದೆಯ ವಿಭಾಗದವರು ಕೈಬಿಟ್ಟ ಪದವನ್ನು ಕಣ್ಣಿನವರು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ, ಅಷ್ಟೇ. ಮೂಲ ಕಾರಣವನ್ನು ಅವರ ಕಣ್ಣಿನ ಡಾಕ್ಟರರನ್ನೇ ಕೇಳಿರಿ.

ಪ್ರಶ್ನೆ ಕೇಳಿದವರು: ಹಾಗಾದರೆ ವಂಶಾವಳಿಯಲ್ಲಿ ಏನೆಂದು ಬರೆಯಲಿ?

ಉತ್ತರ: ಕಾಗದದಲ್ಲಿ ಇದ್ದುದನ್ನು ಇದ್ದ ಹಾಗೆ ಬರೆಯಿರಿ: ‘ಕೋಲಾರದ ಗಣಿಯಲ್ಲಿ ಕೆಲಸ ಮಾಡಿ ಮರಳಿದ ಬಳಿಕ, 1931ರಲ್ಲಿ, ಡಾಕ್ಟರರು ಥೈಸಿಸ್ ಎಂದೂ ಪಂಡಿತರು ಶೋಷವೆಂದೂ ಗುರುತಿಸಿದ, ಮೈ ಸೊರಗಿಸುವ ಎದೆಯ ಕಾಯಿಲೆಯಿಂದ ತೀರಿಕೊಂಡರು.’ ಗಣಿಯ ಮಾತನ್ನು ಮಾತ್ರ ಬಿಡಬೇಡಿ.