ಪರ್ತ್‌ನಲ್ಲಿ ಬಿಳಿ ಬಾಲದ ಕರಿ ಕಾಕಟೂ: ಕಾರ್ನಬಿಯೋ, ಬೋಡಿನ್ನೋ?

ಸಾಗರದವಳು:
ನಾವಿರೋದು ಆಸ್ಟ್ರೇಲಿಯಾದ ಪರ್ತ್ ಊರಿನ ಉತ್ತರಕ್ಕೆ. ಈಗ ಕೆಲವು ವಾರಗಳಿಂದ ಸಂಜೆ ಹೊತ್ತು ಹಿಂದಿನ ಪಾರ್ಕಿಗೆ ದೊಡ್ಡ ಕರಿ ಕಾಕಟೂಗಳ, ಅಂದರೆ ಜುಟ್ಟಿನ ಗಿಳಿಗಳ, ಹಿಂಡು ಬರುತ್ತಿದೆ. ಕಾಗೆಗಿಂತ ದೊಡ್ಡವು, ಕೆನ್ನೆಯಲ್ಲಿ ಬಿಳಿ ಮಚ್ಚೆ, ಹಾರುವಾಗ ಬಾಲದಲ್ಲಿ ಬಿಳಿ ಪಟ್ಟಿ. ಕಾರ್ನಬಿ, ಬೋಡಿನ್ ಅಂತ ಎರಡು ಜಾತಿ ಇವೆಯಂತೆ, ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹೇಗೆ ಗುರುತಿಸೋದು? ಕೆಲವಕ್ಕೆ ಕೊಕ್ಕು ಕಪ್ಪು, ಕೆಲವಕ್ಕೆ ಬಿಳುಪು. ಅವು ಬೇರೆ ಜಾತಿಯಾ?

ಹಕ್ಕಿಗಣ್ಣು:
ಬಾಲ ನೋಡಿ ಹೇಳೋಕಾಗಲ್ಲ, ಎರಡಕ್ಕೂ ಬಿಳಿಯೇ. ಪಟ್ಟಿ ಕೆಂಪಗಿದ್ದರೆ ಅದು ಮೂರನೆಯದು, ಕೆಂಬಾಲದ್ದು. ನೀವು ಕೊಕ್ಕಿನ ಆಕಾರ ನೋಡಿ. ಬೋಡಿನ್‌ಗೆ ಮೇಲಿನ ಕೊಕ್ಕು ಉದ್ದ, ತೆಳ್ಳಗೆ. ಅದನ್ನು ಮ್ಯಾರಿ ಮರದ ಗಟ್ಟಿ ಕಾಯಿಯೊಳಗೆ ತೂರಿಸಿ ಬೀಜ ಎತ್ತುತ್ತದೆ, ಕಾಯಿಗೆ ಜಾಸ್ತಿ ಗಾಯವಾಗಲ್ಲ. ಕಾರ್ನಬಿಗೆ ಕೊಕ್ಕು ಗಿಡ್ಡ, ಅಗಲ. ಇಲ್ಲಿನ ಬ್ಯಾಂಕ್ಸಿಯಾ ಗಿಡದ ಕಾಯಿ, ಪೈನ್ ಕಾಯಿಗಳನ್ನು ಸೀಳಿ ಹಾಕುತ್ತದೆ. ಹಕ್ಕಿ ಎತ್ತರದಲ್ಲಿ ಕೂತಿದ್ದರೆ ಮರದ ಬುಡಕ್ಕೆ ಹೋಗಿ ಬಿದ್ದ ಕಾಯಿ ಎತ್ತಿ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕೊಕ್ಕಿನ ಬಣ್ಣ ಗಂಡು ಹೆಣ್ಣಿನ ಗುರುತು. ಬೆಳೆದ ಗಂಡಿಗೆ ಕೊಕ್ಕು ಕಪ್ಪು, ಕಣ್ಣಿನ ಸುತ್ತ ಗುಲಾಬಿ ಉಂಗುರ. ಹೆಣ್ಣಿಗೆ ಕೊಕ್ಕು ಬಿಳುಪು, ಕಣ್ಣಿನ ಸುತ್ತ ಬೂದು, ಕೆನ್ನೆಯ ಮಚ್ಚೆ ಇನ್ನೂ ಎದ್ದು ಕಾಣುತ್ತದೆ.

ಸಾಗರದವಳು:
ನೋಡಿ ಬಂದೆ, ಪೈನ್ ಮರದ ಕೆಳಗೆಲ್ಲ ಸಿಗಿದ ಕಾಯಿ! ಹಾಗಾದರೆ ಕಾರ್ನಬಿ ಅಲ್ವಾ? ಇಷ್ಟು ದೊಡ್ಡ ಹಿಂಡಿದೆ, ಅಳಿವಿನಂಚಿನ ಹಕ್ಕಿ ಅಂತಾರಲ್ಲ, ಯಾಕೆ?

ವಾಂಡೂ_ನೆರಳು:
ಕಾರ್ನಬಿಯೇ ಇರಬೇಕು. ಬೋಡಿನ್ ಹೆಚ್ಚಾಗಿ ದಕ್ಷಿಣದ, ಮಳೆ ಹೆಚ್ಚು ಬೀಳುವ ಕಾಡಿನ ಜಾರಾ, ಮ್ಯಾರಿ ಮರಗಳ ಕಡೆ ಇರುತ್ತದೆ. ಹಿಂಡು ನೋಡಿ ದಯವಿಟ್ಟು ನೆಮ್ಮದಿಯಾಗಬೇಡಿ. ಈ ಹಕ್ಕಿಗಳು ದಶಕಗಟ್ಟಲೆ ಬದುಕುತ್ತವೆ, ಹಾಗಾಗಿ ಹಿಂಡಿನ ತುಂಬ ಮುದಿ ಹಕ್ಕಿಗಳೇ ಇದ್ದು ಮರಿಗಳು ಕಡಿಮೆಯಾಗಿದ್ದರೂ ಹೊರಗಿನಿಂದ ನೋಡುವವರಿಗೆ ಗೊತ್ತಾಗೋದೇ ಇಲ್ಲ. ಸಾಮಾನ್ಯವಾಗಿ ಎರಡು ಮೊಟ್ಟೆ ಇಟ್ಟರೂ ಬದುಕೋದು ಒಂದೇ ಮರಿ. ಗೂಡಿಗೆ ವಾಂಡೂ, ಸ್ಯಾಮನ್ ಗಮ್‌ನಂಥ ಹಳೇ ಮರಗಳ ಪೊಟರೆ ಬೇಕು, ಅಷ್ಟು ದೊಡ್ಡ ಪೊಟರೆಯಾಗಲು ಮರಕ್ಕೆ ನೂರು ವರ್ಷ ದಾಟಿರಬೇಕು. ಒಳನಾಡಿನಲ್ಲಿ ಗೋಧಿ ಬೆಳೆಯಲು ಅಂಥ ಕಾಡನ್ನೇ ಬೋಳಿಸಿದ್ದಾರೆ. ಮರಿ ಮಾಡಿ ಮುಗಿದ ಮೇಲೆ ಊಟಕ್ಕೆ ಕರಾವಳಿಗೆ ಬರುತ್ತವೆ, ಇಲ್ಲಿ ಬ್ಯಾಂಕ್ಸಿಯಾ ಕಾಡು ಬಡಾವಣೆಯಾಗಿದೆ, ಗ್ನಂಗಾರಾದ ಪೈನ್ ತೋಟವನ್ನೂ ಕಡಿಯುತ್ತಾ ಬಂದಿದ್ದಾರೆ. ನನಗಂತೂ ಇದು ತುಂಬ ಸಂಕಟದ ವಿಷಯ.

ಹಕ್ಕಿಗಣ್ಣು:
ಕಾಳು ಗೀಳು ಹಾಕಬೇಡಿ. ಅಗಲವಾದ ಪಾತ್ರೆಯಲ್ಲಿ ನೀರಿಡಿ, ಜಾಗವಿದ್ದರೆ ಬ್ಯಾಂಕ್ಸಿಯಾ ನೆಡಿ. ಏಪ್ರಿಲ್ ಹೊತ್ತಿಗೆ ಗ್ರೇಟ್ ಕಾಕಿ ಕೌಂಟ್ ಅನ್ನೋ ಕಾಕಟೂ ಎಣಿಕೆ ನಡೆಯುತ್ತದೆ, ಹಕ್ಕಿಗಳು ರಾತ್ರಿ ತಂಗುವ ಮರಗಳ ಹತ್ತಿರ ಸಂಜೆ ನಿಂತು ಎಣಿಸೋದು. ನಿಮ್ಮ ಪಾರ್ಕಿನಲ್ಲಿ ಅವು ರಾತ್ರಿಯೂ ಉಳಿಯುತ್ತಿದ್ದರೆ ಎಣಿಕೆ ನಡೆಸುವವರಿಗೆ ತಿಳಿಸಿ, ಆ ಮರಗಳು ಲೆಕ್ಕಕ್ಕೆ ಸೇರಲಿ.