‘ಮದ್ದಿಗೆ ಬಗ್ಗದ ಹುಳುಕಡ್ಡಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ,

ಔಷಧಿ ಅಂಗಡಿಗಳಲ್ಲಿ ಹಂಚಲು ಒಂದು ಕರಪತ್ರ ಬರೆಯುತ್ತಿದ್ದೇನೆ. ವಿಷಯ ಟ್ರೈಕೋಫೈಟನ್ ಇಂಡೋಟಿನಿಯೆ ಎಂಬ ಫಂಗಸ್: ಮಾಮೂಲು ಔಷಧಿಗೆ ಹೋಗದ ಹುಳುಕಡ್ಡಿ ತರುವಂಥದ್ದು. ಜಪಾನಿನಲ್ಲಿದ್ದ ನೇಪಾಳಿ ಮತ್ತು ಭಾರತೀಯ ರೋಗಿಗಳ ಚರ್ಮದಲ್ಲಿ ಸಿಕ್ಕಿ, 2020ರಲ್ಲಿ ಈ ಹೆಸರು ಪಡೆಯಿತು. ನಮ್ಮ ಕಡೆ ಆಗಲೇ ಮನೆಮನೆಯಲ್ಲೂ ಕಾಡುತ್ತಿದ್ದದ್ದೇ ಅದು. ಈಗ ಯುರೋಪಿನಲ್ಲೂ ಇದೆ. 2023ರಲ್ಲಿ ನ್ಯೂಯಾರ್ಕಿನಲ್ಲಿ ಇಬ್ಬರು ಮಹಿಳೆಯರಲ್ಲಿ ಪತ್ತೆಯಾದ ವರದಿ ಬಂತು. ಅವರಲ್ಲಿ ಒಬ್ಬರು ಇತ್ತೀಚೆಗೆ ಯಾವ ವಿದೇಶಕ್ಕೂ ಹೋಗಿರಲಿಲ್ಲ.

ಪತ್ರಿಕೆಗಳು ‘ಔಷಧ ನಿರೋಧಕ ಶಿಲೀಂಧ್ರ ಸೋಂಕು’ ಎಂದು ಬರೆಯುತ್ತವೆ. ಸೊಂಟ ಕೆರೆದುಕೊಳ್ಳುತ್ತಾ ಅಂಗಡಿಗೆ ಬಂದವರು ಇದು ತಮ್ಮ ವಿಷಯ ಅಂದುಕೊಳ್ಳಲ್ಲ, ಅಲ್ವಾ? ‘ಹುಳುಕಡ್ಡಿ’ ಅಂದರೆ ತಕ್ಷಣ ಗೊತ್ತಾಗುತ್ತದೆ. ಇದಕ್ಕೂ ಹುಳಕ್ಕೂ ಸಂಬಂಧವಿಲ್ಲ, ನಿಜ. ಅದನ್ನು ಒಂದು ಸಾಲಿನಲ್ಲಿ ಹೇಳಿಬಿಡಬಹುದು.

ತೊಡಕಿರುವುದು ಬೇರೆ ಕಡೆ. ಹುಳುಕಡ್ಡಿ ಅಂದಕೂಡಲೇ ಜನ ಹುಡುಕುವುದು ಉಂಗುರದಂಥ ಗುರುತು: ಅಂಚು ಕೆಂಪಗೆ ಉಬ್ಬಿ, ನಡುವೆ ಚರ್ಮ ತಿಳಿಯಾಗಿರಬೇಕು. ಚೀಟಿಯಿಲ್ಲದೆ ಕೊಳ್ಳುವ ಸ್ಟೀರಾಯ್ಡ್ ಬೆರೆತ ಕ್ರೀಮು ಹಚ್ಚಿದರೆ ತುರಿಕೆ ಬೇಗ ಇಳಿಯುತ್ತದೆ, ಅಂಚೂ ಮಾಸುತ್ತದೆ. ಫಂಗಸ್ ಮಾತ್ರ ಒಳಗೊಳಗೇ ಹರಡುತ್ತಿರುತ್ತದೆ. ಉಂಗುರವೇ ಕಾಣದಿದ್ದಾಗ ‘ಇದು ಹುಳುಕಡ್ಡಿ ಅಲ್ಲ ಬಿಡಿ’ ಅಂದುಬಿಡುತ್ತಾರೆ. ಇಂಥದ್ದಕ್ಕೆ ‘ಗುರುತು ಮಾಸಿದ ಹುಳುಕಡ್ಡಿ’ ಅಂತ ಬರೆದಿದ್ದೇನೆ. ಸರಿಹೋಗುತ್ತಾ?

ಇನ್ನು ‘ನಿರೋಧಕ’. ‘ರೋಗ ನಿರೋಧಕ ಶಕ್ತಿ’ ಕೇಳಿ ಕೇಳಿ ಅದು ಒಳ್ಳೆಯ ಗುಣ ಅನ್ನಿಸಿಬಿಟ್ಟಿದೆ. ಇಲ್ಲಿ ಆಗಿರುವುದು ಇಷ್ಟು: ಮಾಮೂಲಾಗಿ ಕೊಡುವ ಟರ್ಬಿನಫಿನ್ ಮಾತ್ರೆ ಫಂಗಸ್ಸಿನ ಒಂದು ಕಿಣ್ವವನ್ನು ತಡೆಯಬೇಕು, ಆ ಕಿಣ್ವವೇ ರೂಪ ಬದಲಿಸಿಕೊಂಡಿದೆ. ಹಾಗಾಗಿ ವೈದ್ಯರು ಇಟ್ರಕೊನಜೋಲ್ ಕಡೆ ಹೋಗಬೇಕಾಗುತ್ತದೆ. ಇದಕ್ಕೆ ‘ಜಗ್ಗದ’ ಬೇಡ, ಬೆದರಿಕೆಗೆ ಜಗ್ಗದ ಧೀರನ ಹಾಗೆ ಕೇಳಿಸುತ್ತದೆ. ‘ಬಗ್ಗದ’ ನನಗೆ ಇಷ್ಟ. ಆದರೆ ‘ಮದ್ದು’? ಕರಾವಳಿಯವರಿಗೆ ಅದು ದಿನಬಳಕೆಯ ಮಾತು. ಮೈಸೂರು ಕಡೆ ‘ಮದ್ದು ಹಾಕಿದ್ದಾರೆ’ ಅಂದರೆ ಕಥೆಯೇ ಬೇರೆ, ಊಟದಲ್ಲಿ ಮಾಟದ ಮದ್ದು ಬೆರೆಸಿದ್ದಾರೆ ಅಂತ! ಅಲ್ಲಿಗೆ ‘ಔಷಧಿಗೆ ಬಗ್ಗದ’ ಅಂತ ಇಡಲೇ?

ಹುಳುಕಡ್ಡಿಗೆ ಕೆಲವರು ‘ಗಜಕರ್ಣ’ ಅನ್ನುತ್ತಾರೆ. ನಿಮ್ಮೂರಲ್ಲಿ ಎರಡೂ ಒಂದೇನಾ, ಇಲ್ಲ ಹಳೆಯದಾಗಿ ದಪ್ಪಗಟ್ಟಿದ್ದಕ್ಕೆ ಮಾತ್ರ ಗಜಕರ್ಣ ಅನ್ನುತ್ತಾರಾ? ಯಾವ ಊರಿನ ಬಳಕೆ ಅಂತಲೂ ದಯವಿಟ್ಟು ಬರೆಯಿರಿ.